ಗೋಡೆಯ ಮೇಲಿನ ವೆಂಟಿಲೇಟರ್

ನಮ್ಮಪ್ಪ ಗಾರೆ ಕೆಲಸದ ಮೇಸ್ತ್ರಿ. ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಅವರು ಕರಣೆ ಹಿಡಿದು ಎಬ್ಬಿಸಿದ ಗೋಡೆಗಳು ಇವತ್ತಿಗೂ ಎಷ್ಟೋ ನಿಂತಿವೆ. ಅವರ ಬಾಯಲ್ಲಿ ‘ವೆಂಟಿಲೇಟರ್’ ಅಂದರೆ ಲಿಂಟಲ್‌ಗಿಂತ ಮೇಲೆ, ಸೂರಿಗಿಂತ ಒಂದು ಗೇಣು ಕೆಳಗೆ, ಗೋಡೆಯಲ್ಲಿ ಬಿಡುವ ಕಿಂಡಿ. ಎರಡಡಿ ಅಗಲ, ಒಂದಡಿ ಎತ್ತರ, ಮಧ್ಯೆ ಸಿಮೆಂಟಿನ ಜಾಲರಿ. 2020ರ ಬೇಸಿಗೆಯಲ್ಲಿ, ಕೊರೊನಾ ಶುರುವಾದಾಗ, ಟಿ.ವಿ. ಹಾಕಿದರೆ ಸಾಕು, ಅಲ್ಲಿ ವೆಂಟಿಲೇಟರ್ ಇಲ್ಲ, ಇಲ್ಲಿ ವೆಂಟಿಲೇಟರ್ ಸಾಲದು ಅಂತ ಒಂದೇ ಸಮನೆ ಹೇಳುತ್ತಿದ್ದರು. ಎಂಬತ್ತಾರು ದಾಟಿದ್ದ ಅಪ್ಪ ಎರಡು ದಿನ ಕೇಳಿ ಕೇಳಿ, ಮೂರನೇ ದಿನ ನನ್ನನ್ನು ಕರೆದು ಕೇಳಿದರು: “ಅಲ್ಲ ಮಗಾ, ಅಷ್ಟ್ ದೊಡ್ಡ ದೊಡ್ಡ ಆಸ್ಪತ್ರೆ ಕಟ್ದೋರು ವೆಂಟಿಲೇಟರ್ ಬುಡ್ದೇ ಕಟ್ಬುಟ್ರಾ?”

ಮನೆಯವರೆಲ್ಲ ನಕ್ಕೆವು. ಅದು ಉಸಿರು ಕೊಡುವ ಮೆಷಿನ್ನು ಕಣಪ್ಪ ಅಂತ ಮೊಮ್ಮಗ ಫೋನಿನಲ್ಲಿ ಚಿತ್ರ ತೋರಿಸಿದ. ಅಪ್ಪ ನೋಡಿ, “ಓ, ಇದಾ” ಅಂದು ಸುಮ್ಮನಾದರು. ಅವರ ಪ್ರಶ್ನೆಯಲ್ಲಿ ನಗುವಂಥದ್ದು ಏನೂ ಇರಲಿಲ್ಲ ಅನ್ನುವುದು ನನಗೆ ತಿಳಿಯಲು ಒಂದೂವರೆ ವರ್ಷ ಬೇಕಾಯಿತು.

ನಾನು 1984ರಲ್ಲಿ ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿ ಶಾಲೆಗೆ ಮೇಡಂ ಆಗಿ ಸೇರಿದವಳು. ಆಮೇಲೆ ಮಂಡ್ಯ ತಾಲ್ಲೂಕಿನಲ್ಲಿ ಹನ್ನೊಂದು ವರ್ಷ. ಕೊನೆಗೆ ಮದ್ದೂರು ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಖ್ಯಶಿಕ್ಷಕಿಯಾಗಿದ್ದು 2021ರ ಡಿಸೆಂಬರ್ 31ಕ್ಕೆ ನಿವೃತ್ತಳಾದೆ. ಮೂವತ್ತೇಳು ವರ್ಷ ಕರಿಹಲಗೆ ನೋಡಿದೆ, ಮಕ್ಕಳ ಮುಖ ನೋಡಿದೆ, ಹಾಜರಿ ಪುಸ್ತಕ ನೋಡಿದೆ. ಕೊಠಡಿಯ ಗೋಡೆಯನ್ನು ತಲೆ ಎತ್ತಿ ನೋಡಿದ್ದು ಮಾತ್ರ ಕೊನೆಯ ಎರಡು ತಿಂಗಳಲ್ಲಿ. ನೋಡಿದ ಮೇಲೆ ಗೊತ್ತಾಯಿತು, ನಮ್ಮ ಸೀಮೆಯ ಶಾಲೆಗಳ ನೂರು ವರ್ಷದ ಕಥೆ ಅಲ್ಲೇ, ಆ ಕಿಂಡಿಗಳಲ್ಲೇ ಇದೆ ಅಂತ.

*

ಮೊದಲು ನಮ್ಮ ಕಡೆ ಶಾಲೆಗೆ ಗೋಡೆಯೇ ಇರಲಿಲ್ಲ. ಕೂಲಿಮಠ ಅನ್ನುತ್ತಿದ್ದುದು ಯಾರದೋ ಮನೆಯ ಜಗಲಿ, ಇಲ್ಲವೇ ಗುಡಿಯ ಹಜಾರ, ಇಲ್ಲವೇ ಊರ ಚಾವಡಿ. ಐಗಳು ಕಂಬಕ್ಕೆ ಒರಗಿ ಕೂತರೆ ಅದೇ ಪಾಠಶಾಲೆ. ಮಕ್ಕಳು ಮರಳು ಹರಡಿಕೊಂಡು ಬೆರಳಲ್ಲಿ ಅಕ್ಷರ ತಿದ್ದಬೇಕು, ಬೀದಿ ಕೊನೆಯವರೆಗೂ ಕೇಳುವ ಹಾಗೆ ಮಗ್ಗಿ ಒಪ್ಪಿಸಬೇಕು. ಐಗಳಿಗೆ ಅಪ್ಪಂದಿರು ಕೊಡುವುದು ನಾಲ್ಕು ಕಾಸು, ಒಂದಷ್ಟು ರಾಗಿ. ಇಂಗ್ಲಿಷರ ಕಾಲದ ವರದಿಗಳು ಇಂಥವನ್ನು ‘ಜಗಲಿ ಶಾಲೆ’ ಎಂದೇ ಕರೆದವು. ಮೂರು ಕಡೆ ಬಯಲು, ಒಂದು ಕಡೆ ಗೋಡೆ. ಗಾಳಿಗೆ ಅಡ್ಡ ಬರುವವರು ಯಾರೂ ಇರಲಿಲ್ಲ.

ಆ ಜಗಲಿಯನ್ನು ಹೊಗಳಿ ಬರೆಯುವುದು ಸುಲಭ. ಆದರೆ ಜಗಲಿ ಯಾರದು, ಅದರ ಮೇಲೆ ಕೂರಬಹುದಾದವರು ಯಾರು ಅನ್ನುವುದನ್ನೂ ಬರೆಯಬೇಕು. ಕೇರಿಯ ಮಕ್ಕಳು ಆ ಜಗಲಿ ಹತ್ತುವಂತಿರಲಿಲ್ಲ. ಹೆಣ್ಣುಮಕ್ಕಳ ಮಾತಂತೂ ಬೇಡ. ಮೈಸೂರು ಸಂಸ್ಥಾನ 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾನೂನು ತಂದಿತು. 1915ರ ಸುಮಾರಿಗೆ ಸರ್ಕಾರಿ ಶಾಲೆಗಳಿಗೆ ದಲಿತ ಮಕ್ಕಳನ್ನೂ ಸೇರಿಸಿಕೊಳ್ಳಬೇಕು ಅಂತ ಆದೇಶವಾಯಿತು, ಅದಕ್ಕೆ ವಿರೋಧವೂ ಬಂತು. ನಾಲ್ಕು ಗೋಡೆಯ ಸರ್ಕಾರಿ ಕೊಠಡಿ ನಮ್ಮ ಹಳ್ಳಿಗಳಿಗೆ ಬಂದದ್ದು ಹೀಗೆ, ಯಾರ ಮನೆಯ ಜಗಲಿಯೂ ಅಲ್ಲದ ಜಾಗವಾಗಿ. ಅದಕ್ಕೇ ಗೋಡೆಯನ್ನು ನಾನು ಬೈಯುವುದಿಲ್ಲ. ಗೋಡೆ ಬಂದದ್ದರಿಂದಲೇ ಗಾರೆ ಕೆಲಸದವರ ಮಗಳು ಮೇಡಂ ಆದಳು.

*

ನನ್ನ ಅಜ್ಜಿ ಮಗ್ಗಿ ಕಲಿತದ್ದು ಗೋಡೆ ಇಲ್ಲದ್ದರಿಂದ. ಅದು ಪ್ಲೇಗಿನ ಕಾಲದ ಮಾತು.

ಪ್ಲೇಗು ಮುಂಬಯಿಗೆ 1896ರಲ್ಲಿ ಬಂತು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ, ಅಲ್ಲಿಂದ ಮೈಸೂರಿಗೆ. ಎರಡು ಊರಿನ ನಡುವೆ ರೈಲು ಓಡಾಡಲು ಶುರುವಾಗಿ ಆಗ ಹದಿನೈದು ವರ್ಷಕ್ಕೂ ಮೇಲಾಗಿತ್ತು. ಮದ್ದೂರು, ಮಂಡ್ಯ ಎರಡೂ ಆ ಹಳಿಯ ಮೇಲಿನ ಊರುಗಳು. ಸಂಸ್ಥಾನ ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಮಾಡಿತು. ಸೋಂಕು ಬಿದ್ದ ಮನೆಗಳನ್ನು ಖಾಲಿ ಮಾಡಿಸಿ ಜನರನ್ನು ಊರ ಹೊರಗಿನ ಶೆಡ್ಡುಗಳಿಗೆ ಕಳಿಸುವುದೇ ಆಗಿನ ದೊಡ್ಡ ಉಪಾಯ. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಅಗಲ ಬೀದಿ, ಗಾಳಿ ಬೆಳಕಿನ ಮನೆಗಳಾಗಿ ಬೇಗ ಬೇಗ ಬೆಳೆದದ್ದು ಆ ಹೆದರಿಕೆಯಲ್ಲೇ. ಆಮೇಲಿನ ಮೂವತ್ತು ನಲವತ್ತು ವರ್ಷ ಪ್ಲೇಗು ಹೋಗುವುದು, ಬರುವುದು ನಡೆದೇ ಇತ್ತು. ಭೈರಪ್ಪನವರ ‘ಗೃಹಭಂಗ’ ಓದಿದವರಿಗೆ ಊರಿಗೆ ಊರೇ ಮನೆ ಬಿಟ್ಟು ಶೆಡ್ಡು ಹಾಕಿಕೊಂಡ ಚಿತ್ರ ಮರೆತಿರಲಾರದು.

ನಮ್ಮಜ್ಜಿ ಹೇಳುತ್ತಿದ್ದದ್ದು ಹೀಗೆ: “ಇಲಿ ಬಿತ್ತು ಅಂದ್ರೆ ಮುಗೀತು ಕಣ್ ಮಗಾ. ತೊಟ್ಟೀಲಿ ಒಂದ್ ಇಲಿ ಸತ್ತು ಬಿದ್ದಿದ್ ಕಂಡ್ರೆ ಸಾಕು, ಅವತ್ತೇ ಪಾತ್ರೆ ಪಗಡೆ ಕಟ್ಕಂಡು ಹೊಲಕ್ ಹೋಗೋದು. ಸೋಗೆ ಹೊದ್ಸಿ ಗುಡ್ಲು ಹಾಕೋದು. ಸುಗ್ಗಿ ಮುಗ್ಯೋಗಂಟ ಅಲ್ಲೇ.” ಅಂಥ ಒಂದು ವರ್ಷ ಊರಿನ ಐಗಳೂ ಗುಡಿಸಲು ಹಾಕಿಕೊಂಡು, ಒಂದು ಹೊಂಗೆ ಮರದ ಕೆಳಗೆ ಹುಡುಗರನ್ನು ಕೂರಿಸಿಕೊಂಡರಂತೆ. ಅಜ್ಜಿಯ ಅಣ್ಣ ಅಲ್ಲಿದ್ದ. ಎಂಟು ಒಂಬತ್ತು ವರ್ಷದ ಅಜ್ಜಿ ಎಮ್ಮೆ ಹೊಡೆದುಕೊಂಡು ಪಕ್ಕದ ಬದುವಿನಲ್ಲಿ ಮೇಯಿಸುತ್ತಾ ಕೇಳಿ ಕೇಳಿ ಹದಿನಾರರ ಮಗ್ಗಿಯವರೆಗೂ ಕಲಿತುಬಿಟ್ಟಳು. ಜಗಲಿಯ ಮೇಲೆ ಪಾಠ ನಡೆದಿದ್ದರೆ ಎಮ್ಮೆ ಮೇಯಿಸುವ ಹುಡುಗಿ ಅಲ್ಲಿ ನಿಂತು ಕೇಳಲು ಯಾರು ಬಿಡುತ್ತಿದ್ದರು? ಸಾಯುವವರೆಗೂ ಸಂತೆಯಲ್ಲಿ ಅಜ್ಜಿಗೆ ಲೆಕ್ಕ ತಪ್ಪಿಸಲು ಒಬ್ಬರಿಂದಲೂ ಆಗಲಿಲ್ಲ.

ನಮ್ಮ ಹಿರಿಯರು ಗಾಳಿಯ ಶಾಸ್ತ್ರ ತಿಳಿದು ಊರು ಬಿಟ್ಟರು ಅಂತ ಹೇಳಿದರೆ ಸುಳ್ಳಾಗುತ್ತದೆ. ಮಾರಿಯ ಮುನಿಸು ಅಂದವರು ಕೆಲವರು, ಕೆಟ್ಟ ಗಾಳಿ ಅಂದವರು ಕೆಲವರು. ಬೆಂಗಳೂರಿಗೆ ಪ್ಲೇಗು ಬಂದ ಅದೇ 1898ರಲ್ಲಿ ಪಾಲ್ ಲೂಯಿ ಸಿಮೊಂಡ್ ಅನ್ನುವ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಕೂತು, ರೋಗವನ್ನು ಇಲಿಯಿಂದ ಮನುಷ್ಯನಿಗೆ ತರುವುದು ಇಲಿಯ ಮೈಮೇಲಿನ ಚಿಗಟ ಎಂದು ಕಂಡುಕೊಂಡ. ಅವನ ಮಾತನ್ನು ವೈದ್ಯಲೋಕ ಒಪ್ಪಲು ಇನ್ನೂ ಹಲವು ವರ್ಷ ಹಿಡಿಯಿತು. ಊರು ಬಿಟ್ಟರೆ ಇಲಿ, ಚಿಗಟ ಹಿಂದೆ ಉಳಿಯುತ್ತಿದ್ದವು, ಜನ ಬದುಕುತ್ತಿದ್ದರು. ಕಾರಣ ತಪ್ಪಾಗಿ ತಿಳಿದಿದ್ದರೂ ಮಾಡಿದ ಕೆಲಸ ಸರಿಯಾಗಿತ್ತು. ನಮ್ಮ ಕಾಲದಲ್ಲಿ ಇದು ತಿರುಗುಮುರುಗಾಯಿತು. ಕೊರೊನಾ ಹರಡುವುದು ಗಾಳಿಯಲ್ಲಿ ಅಂತ ಕಾರಣ ಸರಿಯಾಗಿ ತಿಳಿದ ಮೇಲೂ ನಾವು ಕೈಗೆ ಸ್ಯಾನಿಟೈಸರ್ ಸುರಿಯುತ್ತಲೇ ಕೂತೆವು.

*

ಉಸಿರಿನ ರೋಗಕ್ಕೆ ಗಾಳಿಯೇ ಮದ್ದು ಅನ್ನುವ ಕಾಲವೂ ಒಂದಿತ್ತು. ಮೈಸೂರಿನ ಮಹಾರಾಜ ನಾಲ್ವಡಿಯವರ ತಂಗಿ ಕೃಷ್ಣಾಜಮ್ಮಣ್ಣಿಯವರ ಸಂಸಾರವನ್ನು ಕ್ಷಯ ನುಂಗಿತು. ಅವರ ಹೆಸರಿನಲ್ಲೇ ಮೈಸೂರಿನಲ್ಲಿ ಕ್ಷಯದ ಆಸ್ಪತ್ರೆ ಆಯಿತು. ನಮ್ಮ ಜಿಲ್ಲೆಯ ಜನ ಅದನ್ನು ಪಿಕೆಟಿಬಿ ಅನ್ನುತ್ತಾರೆ. 1950ರ ದಶಕದ ಕೊನೆಯಲ್ಲಿ ನಮ್ಮ ಚಿಕ್ಕಪ್ಪ ಅಲ್ಲಿ ಏಳು ತಿಂಗಳಿದ್ದರು. ಅಪ್ಪ ಬುತ್ತಿ ತೆಗೆದುಕೊಂಡು ಹೋದಾಗ ಕಂಡದ್ದು ಕಾಯಿಲೆಯವರಿಗಿಂತ ಹೆಚ್ಚಾಗಿ ಆ ಕಟ್ಟಡ. ಆಚೆಯಿಂದ ಈಚೆಗೆ ಗಾಳಿ ನುಗ್ಗುವಂತೆ ಎದುರುಬದುರು ಕಿಟಕಿ, ಉದ್ದನೆಯ ಮೊಗಸಾಲೆ. ಮಾಗಿ ಚಳಿಯಲ್ಲೂ ಕಿಟಕಿ ಮುಚ್ಚುತ್ತಿರಲಿಲ್ಲವಂತೆ. ಮೇಸ್ತ್ರಿಯ ಕಣ್ಣಿಗೆ ಅದು ಪಾಠವಾಯಿತು. “ಗಾಳಿಗೆ ಬರೋ ದಾರಿ ಕೊಟ್ರೆ ಸಾಲ್ದು, ಹೋಗೋ ದಾರೀನೂ ಕೊಡ್ಬೇಕು” ಅನ್ನುವುದನ್ನು ಅವರು ತಮ್ಮ ಕೈಕೆಳಗಿನ ಆಳುಗಳಿಗೆಲ್ಲ ಹೇಳುತ್ತಿದ್ದರು.

ಪಶ್ಚಿಮದ ದೇಶಗಳಲ್ಲಿ ಈ ಮಾತು ಶಾಲೆಗೂ ಬಂದಿತ್ತು. 1904ರಲ್ಲಿ ಬರ್ಲಿನ್ ಪಕ್ಕದ ಶಾರ್ಲೊಟೆನ್‌ಬರ್ಗ್‌ನಲ್ಲಿ ನಿಶ್ಶಕ್ತ ಮಕ್ಕಳಿಗಾಗಿ ಪೈನ್ ಮರಗಳ ನಡುವೆ ಬಯಲು ಶಾಲೆ ತೆರೆದರು. 1908ರಲ್ಲಿ ಅಮೆರಿಕದ ಪ್ರಾವಿಡೆನ್ಸ್‌ನಲ್ಲಿ ಹಿಮ ಬೀಳುವ ಕಾಲದಲ್ಲೂ ದೊಡ್ಡ ಕಿಟಕಿಗಳನ್ನು ತೆರೆದಿಟ್ಟು, ಮಕ್ಕಳಿಗೆ ಕಂಬಳಿಯ ಚೀಲ ತೊಡಿಸಿ, ಕಾಲಡಿಗೆ ಕಾಯಿಸಿದ ಕಲ್ಲಿಟ್ಟು ಪಾಠ ಮಾಡಿದರು.

ಆಮೇಲೆ ಔಷಧ ಬಂತು. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್, ಅದರ ಹಿಂದೆಯೇ ಮಾತ್ರೆಗಳು. 1959ರಲ್ಲಿ ಮದರಾಸಿನಿಂದ ಹೊರಬಿದ್ದ ಒಂದು ಅಧ್ಯಯನ, ಸ್ಯಾನಟೋರಿಯಂನಲ್ಲಿದ್ದವರಷ್ಟೇ ಚೆನ್ನಾಗಿ ಮನೆಯಲ್ಲಿ ಔಷಧ ತೆಗೆದುಕೊಂಡವರೂ ಗುಣವಾಗುತ್ತಾರೆ ಎಂದು ತೋರಿಸಿತು. ಬಡವರಿಗೆ ಅದು ದೊಡ್ಡ ವರ. ಆದರೆ ಅದರ ಜೊತೆಗೆ ಒಂದು ಮರೆವೂ ಬಂತು. ಮಾತ್ರೆ ಸಿಕ್ಕ ಮೇಲೆ ಕಿಟಕಿಯನ್ನು ಯಾರೂ ಔಷಧ ಅಂತ ಎಣಿಸಲಿಲ್ಲ.

*

ಅಪ್ಪ 1960ರ ದಶಕದಲ್ಲಿ ಕೆಲಸ ಮಾಡಿದ ಶಾಲೆಗಳು ಮಂಗಳೂರು ಹೆಂಚಿನವು. ಕಲ್ಲಿನ ಪಾಯ, ಹದಿನೆಂಟು ಅಂಗುಲದ ಗೋಡೆ, ಕಬ್ಬಿಣದ ಸರಳಿನ ಎದುರುಬದುರು ಕಿಟಕಿ, ಮೇಲೆ ವೆಂಟಿಲೇಟರ್, ಸೂರಿನಲ್ಲಿ ಒಂದೆರಡು ಗಾಜಿನ ಹೆಂಚು. ಬಿಸಿಯಾದ ಗಾಳಿ ಮೇಲಕ್ಕೆ ಏರಿ ಹೆಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತಿತ್ತು. ನಾನು 1984ರಲ್ಲಿ ಸೇರಿದ ಮಳವಳ್ಳಿ ಕಡೆಯ ಶಾಲೆ ಅಂಥದ್ದೇ. ಮಳೆಗಾಲದಲ್ಲಿ ಸೋರುತ್ತಿತ್ತು, ಕೋತಿ ಹತ್ತಿ ಹೆಂಚು ಒಡೆಯುತ್ತಿದ್ದವು, ಮಧ್ಯಾಹ್ನ ತಲೆನೋವು ಮಾತ್ರ ಬರುತ್ತಿರಲಿಲ್ಲ.

1994-95ರಲ್ಲಿ ಡಿಪಿಇಪಿ (ಜಿಲ್ಲಾ ಪ್ರಾಥಮಿಕ ಶಿಕ್ಷಣ) ಯೋಜನೆ ಬಂದಾಗ ಕರ್ನಾಟಕದಲ್ಲಿ ಮೊದಲು ಆರಿಸಿಕೊಂಡ ನಾಲ್ಕು ಜಿಲ್ಲೆಗಳಲ್ಲಿ ಮಂಡ್ಯವೂ ಒಂದು. ಬೆಳಗಾವಿ, ಕೋಲಾರ, ರಾಯಚೂರು ಉಳಿದ ಮೂರು. ಹಿಂದೆಯೇ ಸರ್ವ ಶಿಕ್ಷಾ ಅಭಿಯಾನ. ಹೊಸ ಕೊಠಡಿ, ಹೊಸ ಶೌಚಾಲಯ, ಹೊಸ ಕಾಂಪೌಂಡು. ಸೋರುವ ಹೆಂಚು ಹೋಗಿ ಆರ್‌ಸಿಸಿ ಬಂತು. ಯಾರು ಬೇಡ ಅಂದಾರು? ನಾವೇ ಅರ್ಜಿ ಬರೆದು ತರಿಸಿಕೊಂಡೆವು.

ಆ ಹೊಸ ಕೊಠಡಿಗಳಿಗೂ ವೆಂಟಿಲೇಟರ್ ಇತ್ತು. ಮುಚ್ಚಿದವರು ನಾವು. ಒಂದೇ ದಿನ ಮುಚ್ಚಲಿಲ್ಲ, ಕೆಟ್ಟ ಬುದ್ಧಿಯಿಂದಲೂ ಮುಚ್ಚಲಿಲ್ಲ. ಪ್ರತಿಯೊಂದಕ್ಕೂ ಒಂದು ಒಳ್ಳೆಯ ಕಾರಣವಿತ್ತು. ನನ್ನ ಕೊನೆಯ ಶಾಲೆಯ ಲೆಕ್ಕವನ್ನೇ ಹೇಳುತ್ತೇನೆ.

ಗುಬ್ಬಿ ಗೂಡು ಕಟ್ಟಿ ಕಸ ಬೀಳುತ್ತದೆ ಅಂತ ಮೊದಲು ಒಂದನೇ ಕೊಠಡಿಯ ಎರಡು ಕಿಂಡಿಗೆ, ಆಮೇಲೆ ಉಳಿದವಕ್ಕೂ ಇಟ್ಟಿಗೆ. ಕಂಪ್ಯೂಟರ್ ಬಂದ ವರ್ಷ ಕಳ್ಳರ ಭಯಕ್ಕೆ ಇನ್ನೊಂದು ಕೊಠಡಿಯ ಕಿಟಕಿಗೆ ತಗಡು. ಮುಂಗಾರಿನ ಎರಚಲು ಹೊಡೆದು ಚಾರ್ಟು ನೆನೆಯುತ್ತದೆ ಅಂತ ಪಡುವಣ ಕಿಟಕಿಗೆ ಪ್ಲೈವುಡ್. ಎರಡು ಕೊಠಡಿ ಹೊಸದಾಗಿ ಸೇರಿಸುವಾಗ ಹಳೆಯ ಗೋಡೆಗೆ ಅಂಟಿಸಿ ಕಟ್ಟಿದ್ದರಿಂದ, ಒಂದು ಕಿಟಕಿ ಈಗ ಆಚೆ ತರಗತಿಗೆ ತೆರೆದುಕೊಳ್ಳುತ್ತಿತ್ತು. ಅದರ ಮುಂದೆ ಬೀರು ಇಟ್ಟರು. ಪ್ರೌಢಶಾಲೆಗಳಲ್ಲಿ ಬೇರೆ ಕಾರಣ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಚೀಟಿ ಎಸೆಯುವವರ ಕಾಟ ತಡೆಯಲು ರಸ್ತೆ ಕಡೆಯ ಕಿಟಕಿಗಳಿಗೆ ಮೊಳೆ ಹೊಡೆದವರನ್ನು ನಾನೇ ಬಲ್ಲೆ.

ಇನ್ನು ಮಂಡ್ಯದವರಿಗೇ ಇರುವ ಕಾರಣಗಳು. ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, 1930ರ ದಶಕದಲ್ಲಿ ಈ ಬೆದ್ದಲು ಸೀಮೆಗೆ ನೀರು ತಂದಿತು. ಭತ್ತ ಬಂತು, ಕಬ್ಬು ಬಂತು, ಸಕ್ಕರೆ ಕಾರ್ಖಾನೆ ಬಂತು, ಜೊತೆಗೆ ಸೊಳ್ಳೆಯೂ ಬಂತು. ಚಳಿಜ್ವರ ಎಷ್ಟಾಯಿತೆಂದರೆ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲೇ ಮಲೇರಿಯಾ ಅಧ್ಯಯನ ನಡೆಯಿತು. ಸೂರ್ಯ ಮುಳುಗುವ ಹೊತ್ತಿಗೆ ಕಿಟಕಿ ಹಾಕುವುದು ನಮ್ಮ ಜಿಲ್ಲೆಯ ಮನೆಮನೆಯ ಅಭ್ಯಾಸವಾದದ್ದು ಸುಮ್ಮನೆ ಅಲ್ಲ. ಶಾಲೆ ಪಕ್ಕದಲ್ಲಿ ಆಲೆಮನೆ ಇದ್ದರಂತೂ ಬೆಲ್ಲದ ಕೊಪ್ಪರಿಗೆ ಉರಿಯುವ ತಿಂಗಳುಗಳಲ್ಲಿ ಹೊಗೆ ನೇರ ತರಗತಿಗೇ. ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಇಟ್ಟರೆ ಮಕ್ಕಳ ಪುಸ್ತಕದ ಮೇಲೆ ಕರಿ ಹುಡಿ. 2019ರಿಂದ ಬೆಂಗಳೂರು–ಮೈಸೂರು ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಾಗ ರಸ್ತೆ ಬದಿಯ ಊರುಗಳಿಗೆಲ್ಲ ಧೂಳಿನ ಸ್ನಾನ. ಕಿಟಕಿ ಹಾಕದೆ ಇನ್ನೇನು ಮಾಡುವುದು?

ಹೀಗೆ ಇಪ್ಪತ್ತು ಇಪ್ಪತ್ತೈದು ವರ್ಷದಲ್ಲಿ ಒಂದೊಂದೇ ಕಿಂಡಿ ಮುಚ್ಚಿಕೊಂಡು, 2020 ಬರುವ ಹೊತ್ತಿಗೆ ನಮ್ಮ ಕೊಠಡಿಗಳು ಪೆಟ್ಟಿಗೆಗಳಾಗಿದ್ದವು.

*

2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿತು. ಏಪ್ರಿಲ್‌ನಲ್ಲಿ ನಮ್ಮ ಜಿಲ್ಲೆಯ ಮೊದಲ ಕೊರೊನಾ ಪ್ರಕರಣಗಳು ಮಳವಳ್ಳಿಯಲ್ಲಿ ಕಂಡವು, ಬೀದಿಗಳಿಗೆ ಅಡ್ಡ ಬೊಂಬು ಕಟ್ಟಿದರು. ಮೇ ತಿಂಗಳಲ್ಲಿ ಮುಂಬಯಿಯಿಂದ ಕೆ.ಆರ್. ಪೇಟೆ, ನಾಗಮಂಗಲ ಕಡೆಯವರು ಊರಿಗೆ ಮರಳಿದಾಗ ಹಾಸ್ಟೆಲುಗಳು, ಶಾಲೆಗಳು ಕ್ವಾರಂಟೈನ್ ಕೇಂದ್ರಗಳಾದವು. ನೂರಿಪ್ಪತ್ತು ವರ್ಷದ ಹಿಂದೆ ಸೋಂಕಿಗೆ ಹೆದರಿ ಜನ ಮನೆ ಬಿಟ್ಟು ಬಯಲಿಗೆ ಹೋಗಿದ್ದರು. ಈಗ ಸೋಂಕಿನ ಶಂಕೆ ಇದ್ದವರನ್ನು ಬಯಲಿನಿಂದ ತಂದು ಕೊಠಡಿಯಲ್ಲಿ ಇಟ್ಟೆವು.

ಆಗಸ್ಟಿನಲ್ಲಿ ಸುರೇಶ್ ಕುಮಾರ್ ಶಿಕ್ಷಣ ಸಚಿವರಾಗಿದ್ದಾಗ ‘ವಿದ್ಯಾಗಮ’ ಬಂತು. ಮೊಬೈಲು ಇದ್ದವರು, ಇಲ್ಲದವರು ಅಂತ ಮಕ್ಕಳನ್ನು ಗುಂಪು ಮಾಡಿ, ಇಲ್ಲದವರಿದ್ದಲ್ಲಿಗೇ ಮೇಷ್ಟ್ರು ಹೋಗಬೇಕು. ಅರಳಿಕಟ್ಟೆ, ಗುಡಿಯ ಹಜಾರ, ತೊಟ್ಟಿಮನೆಯ ಅಂಗಳ, ಎಲ್ಲಿ ಜಾಗವೋ ಅಲ್ಲಿ ಪಾಠ. ವಠಾರ ಶಾಲೆ ಅಂತಲೂ ಕರೆದರು. ಕೂಲಿಮಠ ಒಂದು ಶತಮಾನ ಕಳೆದು ಮತ್ತೆ ಜಗಲಿಗೆ ಬಂದಿತ್ತು.

ಜಗಲಿಯ ಹಳೆಯ ಕಾಯಿಲೆಯೂ ಜೊತೆಗೇ ಬಂತು. ನಾನು ಮೊದಲು ಆರಿಸಿದ್ದು ಒಂದು ಗುಡಿಯ ಹಜಾರ. ತಣ್ಣಗಿನ ಕಲ್ಲು ಹಾಸು, ಮೂರು ಕಡೆ ಗಾಳಿ. ಕೇರಿಯ ನಾಲ್ಕು ಮಕ್ಕಳು ಬರಲಿಲ್ಲ. ದಾರಿಯಲ್ಲಿ ಸಿಕ್ಕಿದಾಗ ಕೇಳಿದರೆ “ಬತ್ತೀವಿ ಮಿಸ್” ಅನ್ನುತ್ತಾರೆ, ಬರುವುದಿಲ್ಲ. ಯಾರೂ ಏನೂ ಹೇಳಿರಲಿಲ್ಲ, ಯಾರೂ ತಡೆದೂ ಇರಲಿಲ್ಲ. ಮೂರನೇ ದಿನ ನನಗೇ ಹೊಳೆದು, ಪಾಠವನ್ನು ಶಾಲೆಯ ಅಂಗಳದ ಹುಣಸೇಮರದ ಕೆಳಗೆ ತಂದೆ. ನಾಲ್ಕು ಮಕ್ಕಳೂ ಬಂದರು. ಬೀಗ ಹಾಕಿದ ಕೊಠಡಿಗಳ ಎದುರೇ, ಮರದ ನೆರಳು ಸರಿದ ಹಾಗೆ ನಾವೂ ಸರಿಯುತ್ತಾ ಎರಡು ತಿಂಗಳು ಕಲಿತೆವು. ಒಂದು ದಿನ ಎಕರೆಗೆ ನಲವತ್ತು ಗುಂಟೆ ಅಂತ ಹೇಳಿಕೊಡುತ್ತಿದ್ದೆ. ಹಸು ಹಿಡಿದುಕೊಂಡು ಹೋಗುತ್ತಿದ್ದ ಒಬ್ಬ ಯಜಮಾನರು ನಿಂತು, “ಗುಂಟೆ ಅಂದ್ರೆ ಎಷ್ಟುದ್ದ ಎಷ್ಟಗಲ ಅಂತ ತೋರ್ಸಿ ಮೇಡಮ್ಮೋರೆ, ಬರೀ ಬಾಯ್ಲೆಕ್ಕ ಯಾಕೆ” ಅಂದರು. ಅವರೇ ಅಂಗಳದಲ್ಲಿ ಮೂವತ್ಮೂರು ಅಡಿ ಉದ್ದ, ಮೂವತ್ಮೂರು ಅಡಿ ಅಗಲ ಅಳೆದು ನಾಲ್ಕು ಮೂಲೆಗೆ ಕಲ್ಲಿಟ್ಟರು. ಆ ಮಕ್ಕಳು ಗುಂಟೆಯ ಅಳತೆಯನ್ನು ಇನ್ನು ಮರೆಯುವುದಿಲ್ಲ.

ಅಕ್ಟೋಬರಿನಲ್ಲಿ ಅಲ್ಲಲ್ಲಿ ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ಅಂತ ಸುದ್ದಿಯಾಗಿ ವಿದ್ಯಾಗಮ ನಿಂತಿತು. 2021ರ ಜನವರಿ 1ರಿಂದ ಹತ್ತನೇ ತರಗತಿ ಮತ್ತು ದ್ವಿತೀಯ ಪಿಯುಸಿ ಶುರುವಾದವು, ಫೆಬ್ರವರಿ 22ಕ್ಕೆ ಆರರಿಂದ ಎಂಟು. ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂದು ಮತ್ತೆ ಎಲ್ಲ ಬಂದ್. ಒಂದರಿಂದ ಐದರವರೆಗಿನ ಮಕ್ಕಳಂತೂ ಈ ನಡುವೆ ಒಂದು ದಿನವೂ ತರಗತಿ ಕಾಣಲಿಲ್ಲ.

*

ಎರಡನೇ ಅಲೆಯ ನಡುವೆ, 2021ರ ಮೇ 20ರಂದು, ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ಒಂದು ಸೂಚನೆ ಹೊರಡಿಸಿತು. ವಿಜಯರಾಘವನ್ ಆಗ ಸಲಹೆಗಾರರು. ಉಸಿರಿನ ದೊಡ್ಡ ಹನಿಗಳು ಎರಡು ಮೀಟರಿನೊಳಗೆ ಬೀಳುತ್ತವೆ, ಸಣ್ಣ ತುಂತುರು ಹತ್ತು ಮೀಟರಿನವರೆಗೂ ಗಾಳಿಯಲ್ಲಿ ತೇಲಿ ಹೋಗಬಲ್ಲದು, ಆದ್ದರಿಂದ ಕಿಟಕಿ ಬಾಗಿಲು ತೆರೆದಿಡಿ, ಒಳಗಿನ ಗಾಳಿಯನ್ನು ಹೊರಗೆ ಎಳೆಯುವ ಫ್ಯಾನು ಹಾಕಿ ಅಂತ ಅದರಲ್ಲಿತ್ತು. ನಮ್ಮ ಕೊಠಡಿ ಇಪ್ಪತ್ತನಾಲ್ಕು ಅಡಿ ಉದ್ದ, ಅಂದರೆ ಏಳೂವರೆ ಮೀಟರಿಗೂ ಕಡಿಮೆ. ಮಕ್ಕಳ ನಡುವೆ ಅಂತರ ಇರಲಿ ಅಂತ ಬಿಡಿಸಿದ ಬಿಳಿ ವೃತ್ತಗಳಿಗೆ ಏನು ಬೆಲೆ ಉಳಿಯಿತು?

ಇನ್ನೊಂದು ಸಂಗತಿ ನನ್ನ ನಿದ್ದೆ ಕೆಡಿಸಿತು. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯಲ್ಲಿ ಭಜನಾ ಮೇಳವೊಂದರ 61 ಜನ ಸೇರಿ ಎರಡೂವರೆ ಗಂಟೆ ಹಾಡಿನ ಅಭ್ಯಾಸ ಮಾಡಿದರು. ಅವರಲ್ಲಿ 53 ಜನರಿಗೆ ಕಾಯಿಲೆ ಬಂತು. ಜೋರಾಗಿ ಹಾಡಿದಾಗ, ಕೂಗಿದಾಗ ಉಸಿರಿನ ತುಂತುರು ಹೆಚ್ಚು ಹೊಮ್ಮುತ್ತದೆ. ನಮ್ಮ ಮಕ್ಕಳು ಬೆಳಿಗ್ಗೆಯಿಂದ ಸಂಜೆವರೆಗೆ ಮಾಡುವುದು ಅದನ್ನೇ ಅಲ್ಲವೇ? ಮಗ್ಗಿ, ಪದ್ಯ, ಕಾಗುಣಿತ, ಎಲ್ಲ ಒಂದೇ ಗಂಟಲಿನಲ್ಲಿ. ಕೂಲಿಮಠದ ಜೋರುಬಾಯಿ ಉಳಿದಿತ್ತು, ಕೂಲಿಮಠದ ಬಯಲು ಹೋಗಿತ್ತು.

2021ರ ಅಕ್ಟೋಬರ್ 25ಕ್ಕೆ ಒಂದರಿಂದ ಐದನೇ ತರಗತಿ ತೆರೆಯಬೇಕೆಂದು ಆದೇಶ ಬಂತು. ಹತ್ತೊಂಬತ್ತು ತಿಂಗಳ ಮೇಲೆ. ಜ್ವರ ನೋಡುವ ಗನ್ನು, ಸ್ಯಾನಿಟೈಸರ್ ಡಬ್ಬ, ಅಪ್ಪ ಅಮ್ಮನ ಒಪ್ಪಿಗೆ ಪತ್ರ ಎಲ್ಲ ಸಿದ್ಧ. ಅದಕ್ಕೆ ಹತ್ತು ದಿನ ಮುಂಚೆ ನಾನು ಟೇಪು ಹಿಡಿದು ಕೊಠಡಿ ಅಳೆದೆ. ಇಪ್ಪತ್ತು ಅಡಿಗೆ ಇಪ್ಪತ್ತನಾಲ್ಕು, ನೆಲ 480 ಚದರಡಿ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಒಣ ಸೆಕೆಯ ಸೀಮೆಯಲ್ಲಿ ಬಾಗಿಲು ಬಿಟ್ಟು ನೆಲದ ಹತ್ತನೇ ಒಂದು ಪಾಲಾದರೂ ಕಿಟಕಿ ಇರಬೇಕು, ಅಂದರೆ 48 ಚದರಡಿ. ನಮ್ಮಲ್ಲಿ ತೆರೆಯಲು ಬರುತ್ತಿದ್ದದ್ದು ಎರಡೇ ಕಿಟಕಿ, ಎರಡೂ ಸೇರಿ 24. ಅವೂ ಒಂದೇ ಗೋಡೆಯಲ್ಲಿ.

ಆಮೇಲೆ ಊದುಬತ್ತಿ ಹಚ್ಚಿದೆ. ಮೆಷಿನ್ನು ಎಲ್ಲಿಂದ ತರುವುದು? ಕೊಠಡಿಯ ನಡುವೆ ಸ್ಟೂಲಿನ ಮೇಲೆ ನಾಲ್ಕು ಬತ್ತಿ ನಿಲ್ಲಿಸಿ, ಎರಡು ಕಿಟಕಿ ತೆರೆದು ಮೂಲೆಯಲ್ಲಿ ನಿಂತೆ. ಹೊಗೆ ನೆಟ್ಟಗೆ ಎದ್ದು, ಸೂರಿಗೆ ಮುಟ್ಟಿ, ಅಲ್ಲೇ ಹರಡಿ, ನಿಧಾನ ಕೆಳಗಿಳಿಯಿತು. ಮಕ್ಕಳ ತಲೆಯ ಮಟ್ಟಕ್ಕೆ ಬಂದು ನಿಂತಿತು. ಕಿಟಕಿಯ ಕಡೆ ಹೋಗಲೇ ಇಲ್ಲ. ಮಕ್ಕಳ ಉಸಿರು ಹೀಗೆ ಕಣ್ಣಿಗೆ ಕಂಡಿದ್ದರೆ ಎಂದೋ ಬುದ್ಧಿ ಬರುತ್ತಿತ್ತು. ನಾವು ಬಿಡುವ ಉಸಿರಿನಲ್ಲಿ ನೂರಕ್ಕೆ ನಾಲ್ಕು ಪಾಲು ಇಂಗಾಲದ ಡೈ ಆಕ್ಸೈಡ್. ಬಯಲಿನ ಗಾಳಿಯಲ್ಲಿ ಅದು ಹತ್ತು ಸಾವಿರಕ್ಕೆ ನಾಲ್ಕು ಪಾಲು ಚಿಲ್ಲರೆ. ಕೊಠಡಿಯಲ್ಲಿ ಅದು ಏರಿದಷ್ಟೂ ನಾವು ಒಬ್ಬರ ಉಸಿರನ್ನು ಇನ್ನೊಬ್ಬರು ಕುಡಿಯುತ್ತಿದ್ದೇವೆ ಅಂತಲೇ ಅರ್ಥ. ಮಧ್ಯಾಹ್ನದ ಪಾಠದಲ್ಲಿ ತೂಕಡಿಸುವ ಹುಡುಗನಿಗೆ ಮೂವತ್ತು ವರ್ಷ ಸೀಮೆಸುಣ್ಣ ಎಸೆದಿದ್ದೇನೆ. ಅವನದೊಬ್ಬನದೇ ತಪ್ಪಾಗಿರಲಿಲ್ಲ.

ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರಿಗೆ ಹೇಳಿದೆ. “ಇಟ್ಗೆ ತಗ್ಸಕ್ಕೆ ಬಿಲ್ಲು ಯಾವ ಹೆಡ್ಡಿಗೆ ಬರೀತೀರ ಮೇಡಮ್ಮೋರೆ?” ಅಂತ ಕೇಳಿದರು. ಅದೂ ಸರಿಯಾದ ಪ್ರಶ್ನೆಯೇ. ಸೋಂಕು ನಿವಾರಕ ಸಿಂಪಡಿಸಲು ದುಡ್ಡಿತ್ತು, ಗೋಡೆಯ ಕಿಂಡಿ ಬಿಡಿಸಲು ಲೆಕ್ಕದ ತಲೆಬರಹವೇ ಇರಲಿಲ್ಲ. ಕೊನೆಗೆ ಅವರೇ ಊರಿನ ಒಬ್ಬ ಮೇಸ್ತ್ರಿಯನ್ನು ಕರೆತಂದರು. ಅಪ್ಪ ನನ್ನ ಸ್ಕೂಟರಿನ ಹಿಂದೆ ಕೂತು ಬಂದು, ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಮೇಲ್ವಿಚಾರಣೆಗೆ ನಿಂತರು. ಹುಡುಗ ಮೇಸ್ತ್ರಿ ಕೆಳಗಿನ ಕಿಟಕಿ ಸಾಕಲ್ಲವಾ ತಾತ, ಗಾಳಿ ಬರುತ್ತಲ್ಲ ಅಂದ. “ಮೇಲಿನ್ ಕಿಂಡಿ ಗಾಳಿ ಬರೋಕಲ್ಲ ಕಣ್ಲಾ, ಹೋಗೋಕೆ” ಅಂದರು ಅಪ್ಪ. ಎರಡು ದಿನದಲ್ಲಿ ಆರು ಕಿಂಡಿಗಳ ಇಟ್ಟಿಗೆ ಹೋಯಿತು. ತಗಡು, ಪ್ಲೈವುಡ್ ಕಿತ್ತೆವು. ಬೀರು ಸರಿಸಿದೆವು. ಜಾಲರಿಯ ಹಿಂದೆ ಸೊಳ್ಳೆಪರದೆ ಹೊಡೆದೆವು, ಗುಬ್ಬಿಗೂ ಅದೇ ತಡೆಯಾಯಿತು. ಮತ್ತೆ ಊದುಬತ್ತಿ ಹಚ್ಚಿದಾಗ ಹೊಗೆ ಏರಿ, ಓರೆಯಾಗಿ ಬಾಗಿ, ಮೇಲಿನ ಕಿಂಡಿಯಲ್ಲಿ ತೂರಿ ಹೋಯಿತು. ಅಪ್ಪ ಏನೂ ಹೇಳಲಿಲ್ಲ, ಟೀ ಕೇಳಿದರು.

ಮಕ್ಕಳು ಬಂದರು. ಎರಡನೇ ತರಗತಿಯವರು ಶಾಲೆಯನ್ನು ಮೊದಲ ಸಲ ನೋಡುತ್ತಿದ್ದರು. ನಲಿ-ಕಲಿಯ ಚಪ್ಪರದ ದಾರಗಳಿಗೆ ಹೊಸ ಚಿತ್ರ ತೂಗಿ ಹಾಕಿದ್ದೆವು. ಗಾಳಿಗೆ ಅವು ಅಲುಗಾಡುವುದನ್ನೇ ಮಕ್ಕಳು ನೋಡುತ್ತಾ ಕೂತರು. ನವೆಂಬರಿನಲ್ಲಿ ಒಬ್ಬ ತಾಯಿ ಬಂದು, “ಕಿಟ್ಕಿ ಹಾಕಿ ಮಿಸ್, ಮಗೀಗೆ ಸೀತ ಆಯ್ತದೆ” ಅಂದಳು. ಪ್ರಾವಿಡೆನ್ಸಿನ ಹಿಮದ ಕಥೆ ಹೇಳಿದೆ. ನಂಬಿದಳೋ ಇಲ್ಲವೋ, ಮಾರನೆಯ ದಿನ ಮಗುವಿಗೆ ಸ್ವೆಟರ್ ಹಾಕಿ ಕಳಿಸಿದಳು. ಆಲೆಮನೆಯವರನ್ನು ಕಂಡು, ಶಾಲೆಯ ಹೊತ್ತಿನಲ್ಲಿ ಹೊಸ ಉರಿ ಹಾಕಬೇಡಿ ಅಂತ ಕೇಳಿಕೊಂಡೆ. ವಾರಕ್ಕೆ ಮೂರು ದಿನ ನಡೆಸಿಕೊಟ್ಟರು. ಅಷ್ಟು ಸಾಕಾಯಿತು.

ನಿವೃತ್ತಳಾದ ಮೇಲೆ ಆ ಶಾಲೆಯ ಒಳಗೆ ಕಾಲಿಟ್ಟದ್ದು 2023ರ ಮೇ 10ರಂದು, ವಿಧಾನಸಭೆಗೆ ವೋಟು ಹಾಕಲು. ಬಿಡಿಸಿದ ಆರು ಕಿಂಡಿಗಳಲ್ಲಿ ಎರಡಕ್ಕೆ ಹಳೆಯ ಫ್ಲೆಕ್ಸು ತುರುಕಿದ್ದರು. ನಾಲ್ಕು ತೆರೆದೇ ಇದ್ದವು. ಹೊಸ ಹೆಡ್‌ಮೇಷ್ಟ್ರನ್ನು ಕೇಳಿದರೆ ಮಳೆ ಎರಚಲು ಅಂದರು. ಮೇಲೊಂದು ಸಣ್ಣ ಸಜ್ಜಾ ಹಾಕಿಸಿ, ಎರಚಲೂ ಬರುವುದಿಲ್ಲ, ಗಾಳಿಯೂ ನಿಲ್ಲುವುದಿಲ್ಲ ಅಂತ ಹೇಳಿ ಬಂದೆ.

ಮುಂದಿನ ಸಲ ವೋಟು ಹಾಕಲು ನಿಮ್ಮೂರ ಶಾಲೆಗೆ ಹೋದಾಗ ಸಾಲಿನಲ್ಲಿ ನಿಂತಿರುವ ಆ ಹತ್ತು ನಿಮಿಷ ತಲೆ ಎತ್ತಿ ನೋಡಿ. ಲಿಂಟಲ್ ಮೇಲೆ, ಸೂರಿನ ಕೆಳಗೆ. ಅಲ್ಲಿ ಇಟ್ಟಿಗೆ ಕಂಡರೆ ಯಾಕೆ ಅಂತ ಕೇಳಿ. ಬಿಡಿಸಲು ಒಬ್ಬ ಮೇಸ್ತ್ರಿಗೆ ಎರಡು ದಿನ ಸಾಕು, ಅದಕ್ಕೆ ಇನ್ನೊಂದು ಮಾರಿ ಬರುವವರೆಗೆ ಕಾಯುವುದು ಬೇಡ.